ಮರುಬಿಡುಗಡೆಯ ಸೈ-ಫೈ ಗೊಂಬೆ: ಮುಖ ಆಮೇಲೆ, ಮೊದಲು ಕಾಲು ತಿರುಗಿಸಿ ನೋಡಿ

1977ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸ್ಟಾರ್ ವಾರ್ಸ್ ತೆರೆಗೆ ಬಂದಾಗ ಅದರ ಗೊಂಬೆ ಮಾಡುವ ಹಕ್ಕು ಕೆನ್ನರ್ ಕಂಪನಿಯ ಕೈಯಲ್ಲಿತ್ತು. ಸಿನಿಮಾ ಹುಚ್ಚೆದ್ದು ಓಡಿತು. ಆದರೆ ಕ್ರಿಸ್‌ಮಸ್ ಹತ್ತಿರ ಬಂದರೂ ಗೊಂಬೆ ರೆಡಿ ಇರಲಿಲ್ಲ. ಕೆನ್ನರ್‌ನವರು ಏನು ಮಾಡಿದರು ಗೊತ್ತಾ? ಗೊಂಬೆಯೇ ಇಲ್ಲದ ಲಕೋಟೆ ಮಾರಿದರು. ಒಳಗಿದ್ದ ಸರ್ಟಿಫಿಕೇಟನ್ನು ಅಂಚೆಗೆ ಹಾಕಿದರೆ 1978ರಲ್ಲಿ ಲ್ಯೂಕ್, ಲಿಯಾ, ಚ್ಯೂಬಾಕಾ, ಆರ್‌ಟೂ-ಡಿಟೂ ಮನೆಗೆ ಬರುತ್ತಿದ್ದವು. ತಮಾಷೆ ಅಂದರೆ 2005ರಲ್ಲಿ ಹ್ಯಾಸ್‌ಬ್ರೋ ಕಂಪನಿ ವಾಲ್‌ಮಾರ್ಟ್ ಮೂಲಕ ಇದನ್ನೂ ಮತ್ತೆ ಮಾರಿತು. ಮತ್ತೆ ಲಕೋಟೆ, ಮತ್ತೆ ಕಾಯುವುದು. ಕಾಯುವ ಕೆಲಸಕ್ಕೂ ರೀಇಶ್ಯೂ, ಅಂದರೆ ಮರುಬಿಡುಗಡೆ, ಬಂತು ಅನ್ನಿ.

ಬೆಂಗಳೂರಿನಲ್ಲಿ ಈ ಹವ್ಯಾಸ ಹತ್ತಿಸಿಕೊಂಡವರ ಕೈಗೆ ಸಿಗುವುದು ಹೆಚ್ಚಾಗಿ ಇಂಥ ಮರುಬಿಡುಗಡೆಗಳೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಒಳ್ಳೆಯ ರೀಇಶ್ಯೂ ಒಳ್ಳೆಯ ವಸ್ತುವೇ. ತೊಂದರೆ ಬರುವುದು ರೀಇಶ್ಯೂ ಕೈಯಲ್ಲಿ ಹಿಡಿದು ಒರಿಜಿನಲ್‌ನ ದುಡ್ಡು ಕೊಟ್ಟಾಗ. ಈ ಮಾರ್ಗದರ್ಶಿ ಅದಕ್ಕಾಗಿಯೇ.

ಹೆಜ್ಜೆ 1: ಯಾವ ಬಗೆಯದು ಅಂತ ಗೊತ್ತು ಮಾಡಿಕೊಳ್ಳಿ

"ರೀಇಶ್ಯೂ" ಅಂತ ಎಲ್ಲರೂ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆದರೆ ಅದರೊಳಗೆ ಕಡಿಮೆ ಅಂದರೂ ನಾಲ್ಕು ಬಗೆ ಇವೆ. ಬಗೆ ಬೇರೆ ಆದರೆ ನೋಡಬೇಕಾದ್ದೂ ಬೇರೆ, ಕೊಡಬೇಕಾದ ಬೆಲೆಯೂ ಬೇರೆ.

ಮೊದಲನೆಯದು ಹಳೆಯದರ ತದ್ರೂಪು. ಹ್ಯಾಸ್‌ಬ್ರೋ 2019ರಲ್ಲಿ ಶುರು ಮಾಡಿದ ರೆಟ್ರೊ ಕಲೆಕ್ಷನ್ ಎಂಬ ಸ್ಟಾರ್ ವಾರ್ಸ್ ಸರಣಿ ಈ ಬಗೆ. ಹಳೆಯ ಕೆನ್ನರ್ ಗೊಂಬೆಯ ಹಾಗೆಯೇ 3.75 ಇಂಚು ಎತ್ತರ, ಕತ್ತು, ಎರಡು ಭುಜ, ಎರಡು ಸೊಂಟ, ಹೀಗೆ ಐದೇ ಕೀಲು. ಕಾರ್ಡಿನ ಮೇಲೆ, ಅಂದರೆ ಗೊಂಬೆ ಅಂಟಿಸಿ ಮಾರುವ ರಟ್ಟಿನ ಮೇಲೆ, ಕೆನ್ನರ್ ಹೆಸರೂ ಇದೆ. ಕೆನ್ನರ್ ಹೆಸರು ಹ್ಯಾಸ್‌ಬ್ರೋ ಕೈಗೆ ಬಂದದ್ದು ಹೇಗೆ ಅಂದರೆ, 1987ರಲ್ಲಿ ಟೋಂಕಾ ಕೆನ್ನರನ್ನು ಕೊಂಡಿತು, 1991ರಲ್ಲಿ ಹ್ಯಾಸ್‌ಬ್ರೋ ಟೋಂಕಾವನ್ನೇ ಕೊಂಡಿತು. ಹಾಗಾಗಿ ಕಾರ್ಡಿನಲ್ಲಿ ಕೆನ್ನರ್ ಅಂತ ಇದ್ದ ಮಾತ್ರಕ್ಕೆ ಹಳೆಯದು ಅಂದುಕೊಳ್ಳಬೇಡಿ.

ಎರಡನೆಯದು ಹಳೆ ಕಾರ್ಡು, ಹೊಸ ಗೊಂಬೆ. 2010ರಲ್ಲಿ ಬಂದು, ನಡುವೆ ನಿಂತು, 2018ರಲ್ಲಿ ಮತ್ತೆ ಶುರುವಾದ ಹ್ಯಾಸ್‌ಬ್ರೋದ ವಿಂಟೇಜ್ ಕಲೆಕ್ಷನ್ ಹೀಗೆ. ಕಾರ್ಡಿನ ಚಿತ್ರ ಹಳೆ ಕಾಲದ್ದು. ಒಳಗಿನ ಗೊಂಬೆಗೆ ಮಾತ್ರ ಮೊಣಕಾಲು, ಮೊಣಕೈ ಎಲ್ಲ ಮಡಚುತ್ತವೆ. ಈ ಸಾಲಿನಲ್ಲಿ ಇನ್ನೊಂದು ಗೋಜಲೂ ಇದೆ. ಒಂದೇ ಪಾತ್ರ ಕೆಲವು ವರ್ಷ ಬಿಟ್ಟು ಮತ್ತೆ ಬರುತ್ತದೆ, ಮುಖದ ಬಣ್ಣ ಮಾತ್ರ ಸುಧಾರಿಸಿರುತ್ತದೆ. ಅಂದರೆ ರೀಇಶ್ಯೂವಿನ ರೀಇಶ್ಯೂ. ಕಾರ್ಡಿನ ಹಿಂಬದಿಯ ಕಾಪಿರೈಟ್ ಸಾಲಿನ ವರ್ಷ ಓದಿದರೆ ಯಾವ ಸಲದ್ದು ಅಂತ ತಿಳಿಯುತ್ತದೆ.

ಮೂರನೆಯದು ನನಗೆ ಬಹಳ ಇಷ್ಟದ್ದು: ತಡವಾಗಿ ಹುಟ್ಟಿದ್ದು. 1979ರ ಏಲಿಯನ್ ಸಿನಿಮಾಕ್ಕೆ ಕೆನ್ನರ್ 18 ಇಂಚಿನ ದೊಡ್ಡ ಗೊಂಬೆ ಮಾಡಿ ಮಾರಿತ್ತು. ಚಿಕ್ಕ 3.75 ಇಂಚಿನವುಗಳ ಮಾದರಿಯೂ ಸಿದ್ಧವಾಗಿತ್ತು, ಆದರೆ ಅಂಗಡಿಗೆ ಬರಲೇ ಇಲ್ಲ. ಸೂಪರ್‌ಸೆವೆನ್ ಎಂಬ ಕಂಪನಿ 2013ರಲ್ಲಿ ಅವನ್ನು ರಿಆ್ಯಕ್ಷನ್ ಹೆಸರಿನಲ್ಲಿ ಹೊರತಂದಿತು. ಕಾರ್ಡಿನಲ್ಲಿರುವ ಚಿಕ್ಕ ಏಲಿಯನ್ ತೋರಿಸಿ "1979ರ ಪೀಸ್" ಅಂತ ಯಾರಾದರೂ ಅಂದರೆ ಅಲ್ಲೇ ಮಾತು ಮುಗಿಸಿ. ಅಂಥದ್ದೊಂದು ಅಂಗಡಿಯಲ್ಲಿ ನೇತಾಡಿದ್ದೇ ಇಲ್ಲ. ಸ್ಟಾರ್ ವಾರ್ಸ್‌ನ ಖಳ ಟಾರ್ಕಿನ್ ಕಥೆಯೂ ಇದೇ. ಕೆನ್ನರ್ ಕಾಲದಲ್ಲಿ ಆ ಪಾತ್ರಕ್ಕೆ ಗೊಂಬೆಯೇ ಇರಲಿಲ್ಲ. ಹಳೆ ಶೈಲಿಯ ಟಾರ್ಕಿನ್ ಬಂದದ್ದು 2019ರಲ್ಲಿ, ಒಂದು ಬೋರ್ಡ್ ಗೇಮ್ ಜೊತೆ.

ನಾಲ್ಕನೆಯದು ಅಳತೆ ಬದಲಿಸಿದ್ದು. ಜೆಂಟಲ್ ಜಯಂಟ್‌ನವರು ಹಳೆಯ ಚಿಕ್ಕ ಗೊಂಬೆಯನ್ನೇ ಹಿಗ್ಗಿಸಿ 12 ಇಂಚು ಮಾಡಿದರು. ಇದರಲ್ಲಿ ಮೋಸ ಹೋಗುವ ಚಾನ್ಸ್ ಇಲ್ಲ, ಮನೆಯಲ್ಲಿ ಜಾಗ ಇದೆಯಾ ಅನ್ನೋದಷ್ಟೇ ಪ್ರಶ್ನೆ.

ಇವಲ್ಲದೆ ಮೀಗೊ ತರಹದ ಪ್ರಕರಣಗಳೂ ಇವೆ. 1970ರ ದಶಕದಲ್ಲಿ ಬಟ್ಟೆ ತೊಟ್ಟ 8 ಇಂಚಿನ ಗೊಂಬೆಗಳಿಗೆ ಹೆಸರಾಗಿದ್ದ ಈ ಕಂಪನಿ 1983ರಲ್ಲಿ ಮುಚ್ಚಿತು. 2018ರಲ್ಲಿ ಅದೇ ಹೆಸರು ಮರಳಿ ಬಂತು. ಹೆಸರು ಒಂದೇ, ನಡುವೆ 35 ವರ್ಷ. ಮೀಗೊ ಅಂದಾಕ್ಷಣ "ಯಾವ ವರ್ಷದ್ದು?" ಅಂತ ಕೇಳಿ.

ಹೆಜ್ಜೆ 2: ಕಾಲಿನ ಹಿಂಭಾಗ ಓದಿ

ಮುಖ ನೋಡಿ ಮರುಳಾಗೋದು ಸಹಜ. ಆದರೆ ಗೊಂಬೆಯ ಜಾತಕ ಇರುವುದು ಕಾಲಿನ ಹಿಂಬದಿಯಲ್ಲಿ. 1978ರ ಮೊದಲ 12 ಕೆನ್ನರ್ ಗೊಂಬೆಗಳಲ್ಲಿ ಸಾಮಾನ್ಯವಾಗಿ ಜಿ.ಎಂ.ಎಫ್.ಜಿ.ಐ. ಎಂಬ ಇಂಗ್ಲಿಷ್ ಅಕ್ಷರಗಳು, 1977 ಎಂಬ ವರ್ಷ ಮತ್ತು ಹಾಂಗ್‌ಕಾಂಗ್ ಎಂಬ ಊರು ಇರುತ್ತವೆ. ಆ ಅಕ್ಷರಗಳು ಕೆನ್ನರ್‌ನ ಆಗಿನ ಒಡೆಯ ಜನರಲ್ ಮಿಲ್ಸ್ ಫನ್ ಗ್ರೂಪ್‌ನವು. ಹೌದು, ಬೆಳಗಿನ ತಿಂಡಿಯ ಸೀರಿಯಲ್ ಮಾಡುವ ಅದೇ ಜನರಲ್ ಮಿಲ್ಸ್. 1980ರಿಂದ ಈಚಿನ ಪಾತ್ರಗಳಲ್ಲಿ ಎಲ್.ಎಫ್.ಎಲ್., ಅಂದರೆ ಸ್ಟಾರ್ ವಾರ್ಸ್ ತಯಾರಿಸಿದ ಲ್ಯೂಕಾಸ್‌ಫಿಲ್ಮ್ ಹೆಸರು ಬರುತ್ತದೆ. ವರ್ಷ ಪಾತ್ರದ ಹಕ್ಕಿನದ್ದು, ಗೊಂಬೆ ತಯಾರಾದ ದಿನದ್ದಲ್ಲ. 1977 ಅಂತ ಇರುವ ಗೊಂಬೆ 1983ರಲ್ಲೂ ತಯಾರಾಗಿರಬಹುದು.

ನೋಡುವ ಕ್ರಮ ಹೀಗೆ. ಮೊಬೈಲ್ ಕ್ಯಾಮೆರಾವನ್ನು ಮ್ಯಾಕ್ರೊಗೆ ಹಾಕಿ. ಇನ್ನೊಂದು ಫೋನಿನ ಟಾರ್ಚನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಅಕ್ಷರಗಳ ನೆರಳು ಎದ್ದು ಕಾಣುತ್ತದೆ. ಒರಿಜಿನಲ್‌ನಲ್ಲೂ ಕಂಪನಿಯ ರೀಇಶ್ಯೂನಲ್ಲೂ ಅಕ್ಷರದ ಅಂಚು ಚೂಪಾಗಿರುತ್ತದೆ. ಹಳೆ ಗೊಂಬೆಯಿಂದ ಅಚ್ಚು ತೆಗೆದ ಡೂಪ್ಲಿಕೇಟ್‌ನಲ್ಲಿ ಅಕ್ಷರ ಕರಗಿದ ಹಾಗೆ ಮೊಂಡಾಗಿರುತ್ತದೆ. ಅಚ್ಚಿನ ಅಚ್ಚು ಯಾವಾಗಲೂ ಒಂದಿಷ್ಟು ಕುಗ್ಗುತ್ತದೆ ಬೇರೆ. ಗೊತ್ತಿರುವ ಅಸಲಿ ಗೊಂಬೆಯ ಪಕ್ಕ ನಿಲ್ಲಿಸಿದರೆ ತಲೆಯ ಮಟ್ಟದಲ್ಲೇ ವ್ಯತ್ಯಾಸ ಸಿಗುತ್ತದೆ.

ಇನ್ನು ಕಾಲಿನ ಮೇಲೆ ತಯಾರಾದ ದೇಶದ ಹೆಸರು ಇಲ್ಲ ಅಂದರೆ? ಗಾಬರಿ ಬೇಡ. ಕೆಲವು ಅಸಲಿ ಕೆನ್ನರ್‌ಗಳಲ್ಲಿ ದೇಶದ ಹೆಸರು ಇರುವುದಿಲ್ಲ. ಆದರೆ ಅಕ್ಷರ ಇರಬೇಕಾದ ಜಾಗ ಮಾತ್ರ ಅತಿಯಾಗಿ ನುಣುಪಾಗಿದ್ದು, ಸುತ್ತಲಿನ ಪ್ಲಾಸ್ಟಿಕ್‌ಗಿಂತ ಬೇರೆ ಹೊಳಪು ಇದ್ದರೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ್ದಾರೆ. ರೀಇಶ್ಯೂನ ಹೊಸ ಮುದ್ರೆ ಅಳಿಸುವ ಹಳೆ ಉಪಾಯ ಅದು. ಆ ಗೊಂಬೆ ವಾಪಸ್ ಇಟ್ಟುಬಿಡಿ. ಮಾರುವವರ ಜೊತೆ ವಾದಕ್ಕೆ ನಿಲ್ಲಬೇಡಿ, ಟೈಮ್ ವೇಸ್ಟ್.

ಹೆಜ್ಜೆ 3: ಕೈಯಲ್ಲಿರುವ ಗನ್ನು, ಮೈಮೇಲಿನ ಬಟ್ಟೆ

ಗೊಂಬೆ ಅಸಲಿ, ಗನ್ನು ನಕಲಿ. ಇದು ಬಹಳ ಸಾಮಾನ್ಯ. ಚಿಕ್ಕ ಆಯುಧಗಳು ಕಳೆದುಹೋಗಿರುತ್ತವೆ, ಯಾರೋ ಹೊಸದಾಗಿ ಎರಕ ಹೊಯ್ದದ್ದನ್ನು ತುರುಕಿರುತ್ತಾರೆ. ಇದಕ್ಕೆ ನೀರಿನ ಪರೀಕ್ಷೆ ಅಂತ ಒಂದಿದೆ. ಕೆನ್ನರ್ ಕಾಲದ ಬಹಳಷ್ಟು ಆಯುಧಗಳು ನೀರಿನಲ್ಲಿ ತೇಲುತ್ತವೆ, ಬಹಳಷ್ಟು ನಕಲಿಗಳು ಮುಳುಗುತ್ತವೆ. ಮಾಡುವಾಗ ಸುಮ್ನೆ ಮೇಲಿಂದ ಹಾಕಬೇಡಿ. ಅಷ್ಟು ಹಗುರದ ವಸ್ತು ನೀರಿನ ಮೇಲ್ಪದರದ ಬಲಕ್ಕೇ ನಿಂತುಬಿಡುತ್ತದೆ. ಬೆರಳಲ್ಲಿ ತಳದವರೆಗೆ ಒತ್ತಿ, ಅಂಟಿದ ಗಾಳಿಗುಳ್ಳೆ ಬಿಡಿಸಿ, ಆಮೇಲೆ ಕೈ ಬಿಡಿ. ಎದ್ದು ಬಂದರೆ ಒಳ್ಳೆಯ ಸೂಚನೆ. ಸೂಚನೆ ಅಷ್ಟೇ, ತೀರ್ಪಲ್ಲ. ತೇಲುವ ನಕಲಿ ಮಾಡುವುದನ್ನೂ ಜನ ಕಲಿತಿದ್ದಾರೆ. ರೀಇಶ್ಯೂ ಗೊಂಬೆಯ ಆಯುಧಕ್ಕೆ ಈ ಪರೀಕ್ಷೆಯೇ ಬೇಡ, ಕಾರ್ಡಿನ ಚಿತ್ರಕ್ಕೆ ಹೊಂದುತ್ತದಾ ನೋಡಿ ಸಾಕು.

ಬಟ್ಟೆಯಲ್ಲಿ ಸಂಗ್ರಾಹಕರೆಲ್ಲರಿಗೂ ಗೊತ್ತಿರುವ ಹೆಸರು ಸ್ಟಾರ್ ವಾರ್ಸ್‌ನ ಜಾವಾ. ಮೊದಮೊದಲು ಆ ಕುಳ್ಳನಿಗೆ ಪ್ಲಾಸ್ಟಿಕ್ ಹಾಳೆಯ ಮೇಲಂಗಿ ಇತ್ತು. ಸ್ವಲ್ಪದರಲ್ಲೇ ಬಟ್ಟೆಯ ಅಂಗಿಗೆ ಬದಲಾಯಿಸಿದರು. ಹಾಗಾಗಿ ಪ್ಲಾಸ್ಟಿಕ್ ಅಂಗಿಯ ಜಾವಾಗೆ ವಿಪರೀತ ಬೆಲೆ. ಬೆಲೆ ಇದ್ದಲ್ಲಿ ಕತ್ತರಿಯೂ ಇರುತ್ತದೆ. ಅದೇ ಸಿನಿಮಾದ ಇನ್ನೊಂದು ಪಾತ್ರ ಬೆನ್ ಕೆನೋಬಿಯ ಮೇಲಂಗಿಯನ್ನೇ ಕತ್ತರಿಸಿ ಜಾವಾಗೆ ತೊಡಿಸಿದ ಉದಾಹರಣೆಗಳಿವೆ. ಬೆಂಗಳೂರಿನಲ್ಲಿ ಯಾರಾದರೂ ಅದನ್ನು "ಅರ್ಜೆಂಟ್ ಸೇಲ್" ಅಂತ ಕೊಡಲು ಬಂದರೆ ನಗುತ್ತಾ ಬೇಡ ಅನ್ನಿ.

ಹೆಜ್ಜೆ 4: ಕಾರ್ಡು ಮತ್ತು ಬಬಲ್

ಪ್ಯಾಕ್ ಒಡೆಯದ ಗೊಂಬೆಯಲ್ಲಿ ಅರ್ಧ ಬೆಲೆ ರಟ್ಟಿನದ್ದೇ. ನೇತುಹಾಕುವ ತೂತು ಒಡೆದಿದೆಯಾ, ಮೂಲೆಗಳು ನೆಟ್ಟಗಿವೆಯಾ, ಬಬಲ್ ಅಂದರೆ ಮುಂಭಾಗದ ಪಾರದರ್ಶಕ ಗುಮ್ಮಟ ಜಜ್ಜಿದೆಯಾ, ಹಳದಿಯಾಗಿದೆಯಾ ನೋಡಿ. ಬಬಲ್‌ನ ಸುತ್ತ ಅಂಟು ಒಂದೇ ಸಮನಾಗಿರಬೇಕು. ಒಂದು ಕಡೆ ಕಾಗದ ಎದ್ದಿದ್ದು, ಅಂಟು ಅಲ್ಲೇ ಗಟ್ಟಿ ಹೊಳೆಯುತ್ತಿದ್ದರೆ ಬಿಚ್ಚಿ ಮತ್ತೆ ಅಂಟಿಸಿದ್ದಾರೆ ಅಂತ ಅರ್ಥ.

ಹಳೆ ಕೆನ್ನರ್ ಕಾರ್ಡುಗಳನ್ನು ಹಿಂಬದಿಯಲ್ಲಿ ಎಷ್ಟು ಗೊಂಬೆಗಳ ಚಿತ್ರವಿದೆ ಅನ್ನುವುದರ ಮೇಲೆ ಗುರುತಿಸುತ್ತಾರೆ. ಮೊದಲನೆಯವು 12-ಬ್ಯಾಕ್. ರೀಇಶ್ಯೂ ಕಾರ್ಡುಗಳೂ ಈ ನೋಟವನ್ನು ಅನುಕರಿಸುತ್ತವೆ. ರೆಟ್ರೊ ಕಲೆಕ್ಷನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಡು ಸವೆದ ಹಾಗೆ ಕಾಣುವಂತೆ ಪ್ರಿಂಟ್ ಮಾಡಿದ್ದಾರೆ. "ನೋಡಿ ಸಾರ್, ಎಷ್ಟು ಹಳೇದು, ಮಡಿಕೆ ಬಿದ್ದಿದೆ" ಅಂದರೆ ಉಗುರಿನ ತುದಿಯಿಂದ ಆ ಮಡಿಕೆ ಸವರಿ. ನಿಜವಾದ ಮಡಿಕೆ ಉಗುರಿಗೆ ತಗಲುತ್ತದೆ. ಪ್ರಿಂಟ್ ಆದ ಮಡಿಕೆ ನುಣ್ಣಗೆ ಜಾರುತ್ತದೆ. ಹಿಂಬದಿಯಲ್ಲಿ ವೆಬ್‌ಸೈಟ್ ವಿಳಾಸವಿದ್ದರಂತೂ ಪರೀಕ್ಷೆಯೇ ಬೇಡ. 1978ರಲ್ಲಿ ವೆಬ್‌ಸೈಟ್ ಎಲ್ಲಿತ್ತು?

ನಮ್ಮಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ. ಅಧಿಕೃತವಾಗಿ ಆಮದಾದ ಪ್ಯಾಕಿನ ಮೇಲೆ ಆಮದುದಾರರ ಹೆಸರು, ತಿಂಗಳು-ವರ್ಷ, ಎಂಆರ್‌ಪಿ ಇರುವ ಸ್ಟಿಕರ್ ಇರಬೇಕು. ಕಾನೂನೇ ಹಾಗಿದೆ. ಆ ಸ್ಟಿಕರ್ ನೋಡಿದರೆ ವಸ್ತು ಯಾವಾಗ ಬಂತು, ಅಂಗಡಿ ಬೆಲೆ ಎಷ್ಟಿತ್ತು ಎರಡೂ ತಿಳಿಯುತ್ತವೆ. ಕಷ್ಟ ಏನಂದರೆ ಒಮ್ಮೊಮ್ಮೆ ಅದನ್ನು ಸರಿಯಾಗಿ ಚಿತ್ರದ ಮೇಲೇ ಅಂಟಿಸಿರುತ್ತಾರೆ. ಬಬಲ್ ಮೇಲಿದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿದು, ಒಂದು ಮೂಲೆಯಿಂದ ಬಹಳ ನಿಧಾನಕ್ಕೆ, ಹಿಂದಕ್ಕೆ ಮಡಚಿದ ಹಾಗೆ ಎಳೆಯಿರಿ. ರಟ್ಟಿನ ಮೇಲಿದ್ದರೆ ನನ್ನ ಸಲಹೆ: ಬಿಟ್ಟುಬಿಡಿ. ನೈಲ್ ಪಾಲಿಶ್ ತೆಗೆಯುವ ದ್ರವ, ಥಿನ್ನರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ.

ಹೆಜ್ಜೆ 5: ಲೂಸ್, ಅಂದರೆ ಪ್ಯಾಕಿನಿಂದ ಹೊರತೆಗೆದ ಗೊಂಬೆ ಕೈಗೆ ಬಂದಾಗ

ಕೀಲುಗಳನ್ನು ಒಂದೊಂದಾಗಿ ಆಡಿಸಿ. ಕೈ ಎತ್ತಿದಲ್ಲೇ ನಿಲ್ಲಬೇಕು, ಜೋತು ಬೀಳಬಾರದು. ಗೊಂಬೆ ತನ್ನ ಕಾಲ ಮೇಲೆ ನಿಲ್ಲುತ್ತದಾ ನೋಡಿ. ಪ್ಯಾಕಿನಲ್ಲಿ ಬಾಗಿ ಕೂತು ಕಾಲು ಸೊಟ್ಟಗಾಗಿದ್ದರೆ ಚಿಂತೆ ಇಲ್ಲ. ಬಿಸಿ ನೀರಿನಲ್ಲಿ, ಕುದಿಯುವ ನೀರಲ್ಲ, ಒಂದು ನಿಮಿಷ ಅದ್ದಿ, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಸಾಮಾನ್ಯವಾಗಿ ಸರಿಹೋಗುತ್ತದೆ.

ಬಣ್ಣದಲ್ಲಿ ಮೂಗಿನ ತುದಿ, ಹುಬ್ಬು, ಬೂಟಿನ ತುದಿ ನೋಡಿ, ಸವೆಯುವುದು ಅಲ್ಲೇ ಮೊದಲು. ರೀಇಶ್ಯೂಗಳಲ್ಲಿ ಸವೆತಕ್ಕಿಂತ ಜಾಸ್ತಿ ಕಾಣುವುದು ಕಾರ್ಖಾನೆಯ ತಪ್ಪು: ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ. ಅಂಗಡಿಯಲ್ಲಿ ಒಂದೇ ಗೊಂಬೆ ನಾಲ್ಕೈದು ಪೀಸ್ ಇದ್ದರೆ ಎಲ್ಲವನ್ನೂ ಸಾಲಾಗಿ ಹಿಡಿದು ಮುಖ ಹೋಲಿಸಿ ಆರಿಸಿ. ಅಂಗಡಿಯವರು ಗೊಣಗಿದರೂ ಪರವಾಗಿಲ್ಲ.

ಮೈ ಅಂಟಂಟಾಗಿದ್ದರೆ ಅದು ಬರೀ ಕೊಳೆ ಅಲ್ಲದಿರಬಹುದು. ಮೆದು ಪಿವಿಸಿಯನ್ನು ಮೆದುವಾಗಿಡಲು ಸೇರಿಸಿದ ಎಣ್ಣೆಯಂಥ ದ್ರವ ನಿಧಾನಕ್ಕೆ ಹೊರಗೆ ಬರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್ ಸಾಕು. ಆದರೆ ಮತ್ತೆ ಬರುತ್ತದೆ ಅಂತ ತಿಳಿದೇ ಕೊಳ್ಳಿ. ಬಿಳಿ ಸ್ಟಾರ್ಮ್‌ಟ್ರೂಪರ್ ಹಳದಿಯಾಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲಿನಿಂದ ಬಿಳುಪು ಮಾಡುವವರಿದ್ದಾರೆ. ಅದರಿಂದ ಕಪ್ಪು ಬಣ್ಣದ ಗೆರೆಗಳು ಮಾಸಬಹುದು, ಹಳದಿ ಮರಳಿ ಬರಲೂಬಹುದು. ರೀಇಶ್ಯೂಗೆ ಅಷ್ಟೆಲ್ಲ ಕಷ್ಟ ಬೇಡ, ಬಿಳಿ ಪೀಸ್ ಇನ್ನೊಂದು ಸಿಗುತ್ತದೆ.

ಹೆಜ್ಜೆ 6: ಬೆಂಗಳೂರಿನಲ್ಲಿ ಎಲ್ಲಿ, ಹೇಗೆ

ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ನಡೆಯುತ್ತಾ ಬಂದಿರುವ ಕಾಮಿಕ್ಸ್ ಅಭಿಮಾನಿಗಳ ಮೇಳ ಕಾಮಿಕ್ ಕಾನ್ ಒಳ್ಳೆಯ ಜಾಗ. ಕೊಳ್ಳುವುದಕ್ಕಿಂತ ನೋಡಿ ಕಲಿಯುವುದಕ್ಕೆ ಇನ್ನೂ ಒಳ್ಳೆಯದು. ಅಸಲಿ ಗೊಂಬೆ ಇಟ್ಟುಕೊಂಡವರು ಅಲ್ಲಿ ಸಿಗುತ್ತಾರೆ, ಕೇಳಿದರೆ ಕೈಗೆ ಕೊಟ್ಟು ತೋರಿಸುತ್ತಾರೆ. ಒಂದು ಸಲ ಬೆರಳಿಗೆ ಆ ಪ್ಲಾಸ್ಟಿಕ್‌ನ ಅಂದಾಜು ಸಿಕ್ಕರೆ ಹತ್ತು ವೀಡಿಯೊ ನೋಡಿದ್ದಕ್ಕೆ ಸಮ. ಚೌಕಾಸಿ ಮಾಡುವುದಿದ್ದರೆ ಕೊನೆಯ ದಿನದ ಸಂಜೆ ಹೋಗಿ. ವಾಪಸ್ ಹೊತ್ತುಕೊಂಡು ಹೋಗುವುದು ಯಾರಿಗೂ ಬೇಡ.

ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಬೇರೆಯದೇ ಆಟ. ಬೆಳಿಗ್ಗೆ ಬೇಗ ಹೋಗಬೇಕು, ಗುಡ್ಡೆಯಲ್ಲಿ ಕೈ ಹಾಕಬೇಕು. ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಆದರೆ ಅಂಥ ಗುಡ್ಡೆಯಲ್ಲಿ ಫನ್‌ಸ್ಕೂಲ್ ಕಂಪನಿಯ ಹಳೆ ಜಿ.ಐ. ಜೋ ಅಥವಾ ಲಿಯೋ ಹೆಸರಿನಲ್ಲಿ ಇಲ್ಲೇ ತಯಾರಾದ ಹೀ-ಮ್ಯಾನ್ ಕಂಡರೆ ಬಿಡಬೇಡಿ. ಸೈ-ಫೈ ಸಿನಿಮಾದ್ದಲ್ಲ, ನಿಜ. ವಿದೇಶದ ವಿನ್ಯಾಸವನ್ನು ಭಾರತದಲ್ಲಿ ತಯಾರಿಸಿದ್ದು ಅಂತಲೇ ಹೊರದೇಶದ ಸಂಗ್ರಾಹಕರು ಅವನ್ನು ಹುಡುಕುತ್ತಾರೆ. ನಮ್ಮ ಅಟ್ಟದ ಮೇಲಿನದ್ದಕ್ಕೆ ನಮಗೇ ಬೆಲೆ ಗೊತ್ತಿರಲ್ಲ, ಅಲ್ವಾ?

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಮೂರು ಫೋಟೊ ಕೇಳಿ: ಕಾಲಿನ ಹಿಂಭಾಗ, ಕಾರ್ಡಿನ ಹಿಂಬದಿಯ ಕೆಳತುದಿ, ಮತ್ತು ಇವತ್ತಿನ ದಿನಪತ್ರಿಕೆಯ ಪಕ್ಕ ಗೊಂಬೆ. ಮೂರನೆಯದಕ್ಕೆ ನೆಪ ಹೇಳುವವರ ಹತ್ತಿರ ಗೊಂಬೆ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಊರೊಳಗೇ ಇರುವವರಾದರೆ ಮೆಟ್ರೊ ಸ್ಟೇಷನ್ ಹತ್ತಿರ ಭೇಟಿಯಾಗಿ, ನೋಡಿ, ಆಮೇಲೆ ದುಡ್ಡು ಕಳಿಸಿ.

ಹೆಜ್ಜೆ 7: ಹೊರಗಿನಿಂದ ತರಿಸುವ ಲೆಕ್ಕ

ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸ್ವಂತಕ್ಕೆ ತರಿಸುವ ಪಾರ್ಸೆಲ್‌ಗೆ ದರ ಬೇರೆ ಇರುತ್ತದೆ, ಅದೂ ಬಜೆಟ್ಟಿಗೊಮ್ಮೆ ಬದಲಾಗುತ್ತದೆ. ಆರ್ಡರ್ ಮಾಡುವ ದಿನದ ದರ ನೋಡಿಕೊಳ್ಳಿ. ಸುಂಕ ಬೀಳುವುದು ಗೊಂಬೆಯ ಬೆಲೆಗೆ ಮಾತ್ರವಲ್ಲ, ಸಾಗಣೆ ವೆಚ್ಚ ಸೇರಿಸಿ. ಅದರ ಮೇಲೆ ಐಜಿಎಸ್‌ಟಿ, ಆಮೇಲೆ ಕೊರಿಯರ್‌ನವರ ಚಾರ್ಜು. ಜೊತೆಗೆ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇಷ್ಟೆಲ್ಲ ಕೂಡಿಸಿದ ಮೇಲೆ ಊರಲ್ಲೇ ಯಾರೋ ಹೇಳಿದ "ದುಬಾರಿ" ಬೆಲೆ ಅಗ್ಗ ಅನ್ನಿಸಿದರೆ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿರುವ ಕಸಿನ್ ಕೈಲಿ ತರಿಸುವುದು ಬೆಂಗಳೂರಿನ ರೂಢಿ. ಕಾರ್ಡಿನ ಗೊಂಬೆಯನ್ನು ಬಟ್ಟೆ ನಡುವೆ ಇಟ್ಟರೆ ಬಬಲ್ ಜಜ್ಜುತ್ತದೆ. ಗಟ್ಟಿ ಪ್ಲಾಸ್ಟಿಕ್ ಕೇಸಿನಲ್ಲಿ ಹಾಕಿ ಕೈಚೀಲದಲ್ಲಿ ತರಲು ಹೇಳಿ.

ಹೆಜ್ಜೆ 8: ಮನೆಯಲ್ಲಿ ಇಡುವುದು

ಪಶ್ಚಿಮದ ಕಿಟಕಿ ಎದುರು ಶೋಕೇಸ್ ಬೇಡ. ಬಿಸಿಲಿಗೆ ಕಾರ್ಡಿನ ಕೆಂಪು ಮಾಸುತ್ತದೆ, ಬಬಲ್ ಹಳದಿಯಾಗುತ್ತದೆ. ಮಳೆಗಾಲದಲ್ಲಿ ತೇವ ಬರುವ ಗೋಡೆಗೆ ತಾಗಿಸಿಯೂ ಇಡಬೇಡಿ. ಸಿಲಿಕಾ ಜೆಲ್ ಪ್ಯಾಕೆಟ್ ಇಟ್ಟು ಆಗಾಗ ಬದಲಿಸಿ.

ಎಲ್ಲಕ್ಕಿಂತ ದೊಡ್ಡ ಅಪಾಯ ನಮ್ಮ ಬೀರುವಿನಲ್ಲೇ ಇದೆ: ನುಸಿಗುಳಿಗೆ. ರೇಷ್ಮೆ ಸೀರೆ ಕಾಯುವ ಆ ಬಿಳಿ ಗುಳಿಗೆ ನ್ಯಾಫ್ತಲಿನ್. ಅದರ ಆವಿ ಪಾಲಿಸ್ಟೈರೀನ್‌ನಂಥ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಅಂಟಿಸಿಬಿಡುತ್ತದೆ. ಅಮ್ಮನ ಬೀರುವಿನಲ್ಲಿ ಗೊಂಬೆ ಇಡುವುದಿದ್ದರೆ ಗುಳಿಗೆ ಆಚೆ, ಇಲ್ಲ ಗೊಂಬೆ ಆಚೆ. ರಟ್ಟು, ಅಂಟು ತಿನ್ನುವ ಬೆಳ್ಳಿಹುಳಕ್ಕೆ ಮುಚ್ಚಳ ಭದ್ರವಾಗಿರುವ ಡಬ್ಬಿಯೇ ಮದ್ದು. ಮೆದು ಪಿವಿಸಿ ಕವರ್‌ಗಳನ್ನು ಬಿಟ್ಟು ಪೆಟ್ ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ಕೇಸ್ ಕೊಳ್ಳಿ.

ಇನ್ನು ಬೆಲೆ, ಮತ್ತು ಮಾರುವ ದಿನ

ರೀಇಶ್ಯೂ ಬೆಲೆ ಏರುತ್ತದೆ ಅಂತ ಲೆಕ್ಕ ಹಾಕಿ ಕೊಳ್ಳಬೇಡಿ. ಒಮ್ಮೆ ಮರುಬಿಡುಗಡೆ ಮಾಡಿದ ಕಂಪನಿ ಇನ್ನೊಮ್ಮೆ ಮಾಡದೇ ಇರಲು ಕಾರಣವೇ ಇಲ್ಲ. ಮಾಡಿದ ದಿನ ಹಿಂದಿನ ಸಲದ ಪೀಸಿನ ಬೆಲೆ ಕುಸಿಯುತ್ತದೆ. ಅಮೆರಿಕದ ಎಎಫ್‌ಎ ತರಹದ ಸಂಸ್ಥೆಗಳು ಗೊಂಬೆಗೆ 100ಕ್ಕೆ ಇಷ್ಟು ಅಂತ ಅಂಕ ಕೊಟ್ಟು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. ಹಳೆ ಕೆನ್ನರ್‌ಗೆ ಸರಿ. ರೀಇಶ್ಯೂಗೆ ಹೋಗಿ ಬರುವ ಖರ್ಚೇ ಗೊಂಬೆಯ ಬೆಲೆಗಿಂತ ಜಾಸ್ತಿಯಾಗುತ್ತದೆ. ಬೇರೆಯವರು ಆಗಲೇ ಅಂಕ ಕೊಡಿಸಿದ್ದನ್ನು ಮಾರುತ್ತಿದ್ದರೆ ಆ ಪೆಟ್ಟಿಗೆಗೆ ಹೆಚ್ಚಿಗೆ ದುಡ್ಡು ಕೊಡಬೇಡಿ.

ಕೊಂಡ ದಿನವೇ ಒಂದು ಪುಟ್ಟ ಚೀಟಿಯಲ್ಲಿ ಬಿಡುಗಡೆ ವರ್ಷ, ಕಂಪನಿ, ಸರಣಿಯ ಹೆಸರು, ಬದಲಿಸಿದ ಭಾಗ ಇದ್ದರೆ ಯಾವುದು ಅಂತ ಬರೆದು ಗೊಂಬೆಯ ಜೊತೆ ಇಡಿ. ಲೂಸ್ ರೀಇಶ್ಯೂ ಎರಡು ಕೈ ದಾಟುವ ಹೊತ್ತಿಗೆ "ಹಳೇದು" ಆಗಿಬಿಡುವುದು ಆ ಚೀಟಿ ಇಲ್ಲದಿದ್ದಾಗಲೇ. ನೀವು ಮಾರುವಾಗಲೂ ಮೊದಲ ಸಾಲಿನಲ್ಲೇ "ರೀಇಶ್ಯೂ, 2019" ಅಂತ ಹಾಕಿ, ಮುಖದ ಫೋಟೊಕ್ಕಿಂತ ಮುಂಚೆ ಕಾಲಿನ ಫೋಟೊ ಹಾಕಿ.